ತೊಗಟೆ ಮೇಲೋ, ಕೆಳಗೋ

“ಲೆಕ್ಕ ಸರಿಯಾಗಿದೆ ಅಕ್ಕಾ,” ಅನ್ನುತ್ತಾ ಇನ್ಸ್‌ಪೆಕ್ಟರು ಅಳತೆಯ ಟೇಪನ್ನು ಸರ್ರನೆ ಡಬ್ಬಿಯೊಳಕ್ಕೆ ಬಿಟ್ಟರು. “ಲಾರಿ ಬಾಡಿ ತುಂಬ ಎಷ್ಟು ಸೌದೆ ಬಂದಿತ್ತೋ ಇಲ್ಲಿ ಒಟ್ಟಿರೋದೂ ಅಷ್ಟೇ ಇದೆ. ಉದ್ದ, ಅಗಲ, ಎತ್ತರ ಮೂರೂ ತಾಳೆಯಾಯ್ತು. ಇನ್ನು ಈ ಶೆಡ್ಡಲ್ಲಿ ನೋಡೋಕೆ ಏನೂ ಉಳಿದಿಲ್ಲ.”

ಅಂದಾಜಕ್ಕ ಸೌದೆಯನ್ನೇ ನೋಡುತ್ತಿದ್ದಳು. ಎದುರಿಗೆ ಹಿಂಗೋಡೆಯ ಉದ್ದಕ್ಕೂ ಎದೆಯೆತ್ತರಕ್ಕೆ ಸೌದೆ ಒಟ್ಟಿತ್ತು. ಆ ಕಡೆಯ ತುದಿಯ ಮೇಲೆ ಹಳೇ ನೀಲಿ ಟಾರ್ಪಾಲು ಇಳಿಬಿದ್ದಿತ್ತು. ಈ ಕಡೆ ಸೌದೆ ಸೀಳುವ ಕೊರಡು, ಕೊರಡಿನ ಮೇಲೆ ಒಣಗಿ ಕಪ್ಪಾದ ಕಲೆ. ಕೊಡಲಿಯನ್ನು ಪೊಲೀಸರು ಆಗಲೇ ಒಯ್ದಿದ್ದರು.

ಅಂದಾಜಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ ಬಿಡಿ. ಅವಳದು ವಿಮೆ ಕಂಪನಿಯ ಕೆಲಸ. ಗೋದಾಮಿಗೆ ಬೆಂಕಿ ಬಿದ್ದ ಮರುದಿನ ಹೋಗಿ, ಬೂದಿಯ ಗುಡ್ಡೆ ನೋಡಿ, ‘ಇಲ್ಲಿದ್ದ ಸರಕು ನೀವು ಹೇಳಿದಷ್ಟಲ್ಲ ಸ್ವಾಮಿ, ಅದರ ಅರ್ಧ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುವವಳು. ಅವಳ ಅಂದಾಜು ತಪ್ಪಿದ್ದನ್ನು ಕಂಡವರಿಲ್ಲ. ಮಾಲೀಕರು ಹಲ್ಲು ಕಡಿಯುತ್ತಾ ಇಟ್ಟ ಅಡ್ಡಹೆಸರು ಅವಳಿಗೇ ಹಿಡಿಸಿ ಉಳಿದುಕೊಂಡಿತ್ತು.

ಆದರೆ ಇವತ್ತು ಅವಳು ಕಂಪನಿ ಕೆಲಸಕ್ಕೆ ಬಂದಿರಲಿಲ್ಲ. ಮೊನ್ನೆ ಸಂಜೆ ಇದೇ ಶೆಡ್ಡಿನಲ್ಲಿ ಮಾವ ಅಳಿಯಂದಿರ ಜಗಳವಾಗಿ, ಮಾವ ಕಾಣೆಯಾಗಿ, ಕೊಡಲಿಯ ಮೇಲೆ ರಕ್ತ ಸಿಕ್ಕಿ, ಅಳಿಯನನ್ನು ಠಾಣೆಯಲ್ಲಿ ಕೂಡಿಹಾಕಿದ್ದರು. ಆ ಅಳಿಯ ಅವಳ ಒಬ್ಬನೇ ತಮ್ಮ. ಅಮ್ಮ ಹೋದ ಮೇಲೆ ತಾನೇ ಉಣ್ಣಿಸಿ, ತಲೆ ಬಾಚಿ, ಶಾಲೆಗೆ ಕಳಿಸಿ, ಡ್ರಾಯಿಂಗ್ ಮೇಷ್ಟ್ರು ಮಾಡಿದ ತಮ್ಮ. ಸಂಜೆಗೆ ದೊಡ್ಡ ಜೈಲಿನ ವ್ಯಾನು ಬರುವುದಿತ್ತು. ಒಮ್ಮೆ ಆ ವ್ಯಾನು ಹತ್ತಿದರೆ ಇಳಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ಅವಳಿಗೆ ಗೊತ್ತಿತ್ತು.

“ಸರ್, ಲಾರಿಯಲ್ಲಿ ಸೌದೆ ಹೇಗೆ ತುಂಬಿದ್ರು?” ಅಂದಳು.

“ಹೇಗೆ ಅಂದ್ರೆ?”

“ಜೋಡಿಸಿ ಇಟ್ಟಿದ್ರೋ, ಎಸೆದು ತುಂಬಿದ್ರೋ?”

“ಎಸೆದೇ ಇರ್ತಾರೆ. ಡಿಪೋದವರಿಗೆ ಜೋಡಿಸೋಕೆ ಪುರುಸೊತ್ತೆಲ್ಲಿ? ಲಾರಿ ಜೊತೆ ಬಂದಿದ್ದ ಕೂಲಿಯವನನ್ನ ಕೇಳೋಣ ಅಂದ್ರೆ ಅವನೂ ಮೊನ್ನೆಯಿಂದ ಕೈಗೆ ಸಿಕ್ತಿಲ್ಲ. ಕುಡುಕನಂತೆ. ಆಗಾಗ ಹೇಳದೆ ಕೇಳದೆ ಮಾಯ ಆಗ್ತಾನಂತೆ.” ಇನ್ಸ್‌ಪೆಕ್ಟರಿಗೆ ವಾರದಿಂದ ನೆಗಡಿ. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು.

“ನಿಮ್ಮನೇಲಿ ಒಗೆದ ಬಟ್ಟೆ ಯಾರು ಮಡಚ್ತಾರೆ ಸರ್?”

“ನನ್ನ ಹೆಂಡತಿ. ಯಾಕೆ?”

“ಅದೇ, ಗೊತ್ತಾಯ್ತು. ಒಂದು ಸಲ ನೀವು ಮಡಚಿ ನೋಡಿ. ಮಂಚದ ಮೇಲೆ ಗುಡ್ಡದ ಹಾಗೆ ಬಿದ್ದಿರೋ ಬಟ್ಟೆ, ಮಡಚಿಟ್ರೆ ಬೀರುವಿನ ಒಂದೇ ಖಾನೆಯಲ್ಲಿ ಕೂತುಬಿಡುತ್ತೆ. ಸೌದೆಯೂ ಹಾಗೇ. ಸುರಿದ ಸೌದೆ ಬೇರೆ, ಒಟ್ಟಿದ ಸೌದೆ ಬೇರೆ. ಸುರಿದಾಗ ಅಡ್ಡಾದಿಡ್ಡಿ ಬಿದ್ದು ನಡುವೆಯೆಲ್ಲ ಗಾಳಿ. ಅಚ್ಚುಕಟ್ಟಾಗಿ ಒಟ್ಟಿದ್ರೆ ಮೂರರಲ್ಲಿ ಒಂದು ಪಾಲು ಕರಗಿಹೋಗುತ್ತೆ.” ಅವಳು ಹತ್ತಿರ ಹೋಗಿ ಎರಡು ಸೀಳುಗಳ ನಡುವೆ ಬೆರಳು ತೂರಿಸಲು ನೋಡಿದಳು. ಉಗುರೂ ಹೋಗಲಿಲ್ಲ. “ನಮ್ಮ ಬೀಗರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ನೋಡಿ, ಎಷ್ಟು ಬಿಗಿಯಾಗಿ ಕೂರಿಸಿದ್ದಾರೆ. ಇಷ್ಟು ಬಿಗಿ ಒಟ್ಟಿದ ಮೇಲೂ ಇದು ಲಾರಿಯಷ್ಟೇ ಇದೆ ಅಂತೀರಲ್ಲ?”

“ಹೌದು. ಸರಿಯಾಗಿ ಅಷ್ಟೇ.”

“ಅದು ಸರಿಯಾಗಿರೋದೇ ತಪ್ಪು ಸರ್. ಕಮ್ಮಿ ಆಗ್ಬೇಕಿತ್ತು. ಆಗಿಲ್ಲ. ಅಂದ್ರೆ ಒಳಗೆ ಎಲ್ಲೋ ಟೊಳ್ಳಿದೆ.”

ಇನ್ಸ್‌ಪೆಕ್ಟರ ಕರವಸ್ತ್ರ ಮೂಗಿನ ಹತ್ತಿರವೇ ನಿಂತಿತು. ಅವರು ಸೌದೆಯನ್ನು ನೋಡಿದರು, ಕೊರಡಿನ ಮೇಲಿನ ಕಲೆಯನ್ನು ನೋಡಿದರು, ಮತ್ತೆ ಸೌದೆಯನ್ನು ನೋಡಿದರು.

“ಹೆಣ,” ಅಂದರು.

ಅಂದಾಜಕ್ಕ ನಾಲಿಗೆ ಕಚ್ಚಿಕೊಂಡಳು. ಅಯ್ಯೋ ನನ್ನ ನಾಲಿಗೆಯೇ! ತಮ್ಮನನ್ನು ಬಿಡಿಸಲು ಬಂದವಳು ತಾನೇ ಅವನ ಕುತ್ತಿಗೆಗೆ ಹಗ್ಗ ಹೊಸೆದು ಕೊಟ್ಟ ಹಾಗಾಯಿತಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳಿಗೆ ಕುಣಿಯಲು ಬಂದಿದ್ದೇ ಕಷ್ಟವಾಯಿತು.

“ಯಾರಲ್ಲಿ!” ಇನ್ಸ್‌ಪೆಕ್ಟರು ಬಾಗಿಲ ಕಡೆ ಕೂಗಿದರು. “ಬನ್ನಿ, ಇದನ್ನ ಬಿಚ್ಚಿ!”

“ಒಂದು ನಿಮಿಷ ಸರ್. ಬಿಚ್ಚೋದಕ್ಕೆ ಮೊದಲು ತೊಗಟೆ ನೋಡಿ.”

“ಯಾವ ತೊಗಟೆ?”

“ಮೊನ್ನೆ ಜಗಳ ಆಗಿದ್ದೇ ಅದಕ್ಕಲ್ವಾ?”

ಅದು ಇಡೀ ಬೀದಿಗೇ ಗೊತ್ತಿದ್ದ ವಿಷಯ. ಸೌದೆಯನ್ನು ತೊಗಟೆ ಮೇಲಾಗಿ ಒಟ್ಟಬೇಕು, ಹೆಂಚಿನ ಹಾಗೆ ನೀರು ಜಾರಿಹೋಗುತ್ತದೆ ಅಂತ ಮಾವ. ತೊಗಟೆ ಕೆಳಗಿರಬೇಕು, ಒಳಗಿನ ಪಸೆ ಮೇಲೆ ಆರುತ್ತದೆ ಅಂತ ಅಳಿಯ. ತಲೆಯ ಮೇಲೆ ಸೂರಿರುವ ಶೆಡ್ಡಿನಲ್ಲಿ ಎರಡೂ ಒಂದೇ ಅನ್ನುವ ವಿವೇಕ ಇಬ್ಬರಿಗೂ ಇರಲಿಲ್ಲ. ಮಾತಿಗೆ ಮಾತು ಬೆಳೆದು, ‘ನಿನ್ನನ್ನೇ ಸೀಳಿ ಒಟ್ಟಿಬಿಡ್ತೀನಿ’ ಅನ್ನುವವರೆಗೆ ಹೋಗಿತ್ತು. ಅದನ್ನು ಹೇಳಿದ್ದು ಅಳಿಯ. ಕೇಳಿಸಿಕೊಂಡದ್ದು ಪಕ್ಕದ ಮನೆಯ ದರ್ಜಿ.

“ದರ್ಜಿ ಏನು ಹೇಳಿದ್ದಾನೆ?” ಅಂದಾಜಕ್ಕ ಕೇಳಿದಳು. “ಜಗಳ ಕೇಳಿ ಇಣುಕಿದಾಗ ಸೌದೆ ಮಂಡಿಯೆತ್ತರ ಇತ್ತು. ನನ್ನ ತಮ್ಮ ಕೈಗವಸು ಬಿಸಾಕಿ ನೆಟ್ಟಗೆ ಬಸ್ಸಿಗೆ ಹೋದ. ಹೌದಲ್ವಾ? ಈಗ ಬಗ್ಗಿ ನೋಡಿ. ಮಂಡಿಯೆತ್ತರದವರೆಗೆ ಎಲ್ಲಾ ಸೀಳುಗಳ ತೊಗಟೆ ಕೆಳಗಿದೆ. ಅದು ನನ್ನ ತಮ್ಮನ ಕೈ. ಅಲ್ಲಿಂದ ಮೇಲಕ್ಕೆ ತೊಗಟೆಯೆಲ್ಲ ಮೇಲೆ. ಅದು ಬೀಗರ ಕೈ. ತಮ್ಮ ಬಸ್ಸು ಹತ್ತಿದ ಮೇಲೆ ಎದೆಯೆತ್ತರಕ್ಕೆ ಒಟ್ಟಿದವರು ಯಾರು ಸರ್? ಹೆಣ ಎದ್ದು ಬಂದು ಸೌದೆ ಒಟ್ಟುತ್ತಾ?”

ಇನ್ಸ್‌ಪೆಕ್ಟರು ಮಂಡಿಯೂರಿ ನೋಡಿದರು. ಬೆರಳಿಟ್ಟು ಸಾಲು ಸಾಲು ಮುಟ್ಟಿದರು.

“ನಿಮ್ಮ ತಮ್ಮನೇ ಬೇಕಂತ ತಿರುಗಿಸಿ ಇಟ್ಟಿರಬಹುದಲ್ಲ? ಆ ರಾತ್ರಿ ಎಲ್ಲಿದ್ದೆ ಅಂದ್ರೆ ಬಸ್ಸಿಳಿದು ಪೇಟೆಯ ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ ಮಲಗಿದ್ದೆ ಅಂತಾನೆ. ನೋಡಿದವರು ಒಬ್ಬರೂ ಇಲ್ಲ.”

“ಅವನು ತಿರುಗಿಸಲ್ಲ. ತಿರುಗಿಸು ಅಂದ್ರೂ ಬರಲ್ಲ. ಚಿಕ್ಕವನಿದ್ದಾಗ ಸೌದೆ ಒಟ್ಟೋದನ್ನ ಕಲಿಸಿದ್ದು ನಾನು. ಕೈಗೆ ಹತ್ತಿದ ಚಾಳಿ ಅದು. ನಿದ್ದೆಗಣ್ಣಲ್ಲೂ ಅವನು ತೊಗಟೆ ಕೆಳಗೇ ಇಡ್ತಾನೆ.”

“ತೊಗಟೆ ಕೆಳಗೆ ಅಂದ್ರೆ ನಿಮ್ಮ ತಮ್ಮ. ತೊಗಟೆ ಮೇಲೆ ಅಂದ್ರೆ ಮಾವ.” ಇನ್ಸ್‌ಪೆಕ್ಟರು ಪಾಠ ಒಪ್ಪಿಸುವವರ ಹಾಗೆ ಹೇಳಿದರು. “ಸರಿ, ನೆನಪಿಟ್ಕೊಳ್ತೀನಿ. ಆದ್ರೂ ಟೊಳ್ಳು ಟೊಳ್ಳೇ. ಬಿಚ್ಚಲೇಬೇಕು.”

“ಯಾರೂ ಅದನ್ನ ಮುಟ್ಟಕೂಡದು!”

ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದರು, ತಮ್ಮನ ಅತ್ತೆ. ಎಪ್ಪತ್ತರ ಹತ್ತಿರದ ಹೆಂಗಸು, ಆದರೆ ಬಂದ ವೇಗ ನೋಡಿದರೆ ಯಾರೂ ಹಾಗೆನ್ನುತ್ತಿರಲಿಲ್ಲ. ಪೇದೆಯನ್ನು ಮೊಣಕೈಯಲ್ಲೇ ಪಕ್ಕಕ್ಕೆ ತಳ್ಳಿ, ಸೌದೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಸೆರಗಿನ ಕೆಳಗೆ ಏನನ್ನೋ ಹಿಡಿದಿದ್ದರು.

“ಅಮ್ಮಾ, ದಾರಿ ಬಿಡಿ,” ಅಂದರು ಇನ್ಸ್‌ಪೆಕ್ಟರು.

“ಬಿಡಲ್ಲ. ಇದು ಅವರು ಕೊನೇ ಸಲ ಮುಟ್ಟಿದ್ದು. ಒಂದು ಕಡ್ಡಿ ಅಲ್ಲಾಡಿದ್ರೂ ನಾನು ಇಲ್ಲೇ ಪ್ರಾಣ ಬಿಡ್ತೀನಿ.”

ಇನ್ಸ್‌ಪೆಕ್ಟರು ಅಸಹಾಯಕರಾಗಿ ಅಂದಾಜಕ್ಕನ ಕಡೆ ನೋಡಿದರು. ಹೆಂಗಸರ ಜಗಳ ಹೆಂಗಸರಿಗೇ ಇರಲಿ ಅನ್ನುವ ನೋಟ ಅದು.

“ಬೀಗಿತ್ತಿ, ಬೆಳಿಗ್ಗೆ ನಿಮ್ಮ ಅಡುಗೆಮನೆಗೆ ಬಂದಿದ್ದೆ,” ಅಂದಳು ಅಂದಾಜಕ್ಕ ಮೆಲ್ಲಗೆ. “ಒಲೆ ಪಕ್ಕ ಅಂಗಡಿಯಿಂದ ತಂದ ಸೌದೆ ಕಟ್ಟುಗಳಿದ್ವು. ಶೆಡ್ಡು ತುಂಬ ಸೌದೆ ಇಟ್ಕೊಂಡು ಅಂಗಡಿ ಸೌದೆ ಯಾಕೆ?”

“ಹೇಳಿದ್ನಲ್ಲ ತಾಯಿ. ಅವರ ಕೈ ಮುಟ್ಟಿದ್ದನ್ನ ಹೇಗೆ ಉರಿಸಲಿ?” ಬೀಗಿತ್ತಿಯ ಕಣ್ಣು ತುಂಬಿತು. ಕಣ್ಣೀರು ನಿಜವಾದದ್ದೇ. ಅಂದಾಜಕ್ಕನಿಗೆ ಒಂದು ಗಳಿಗೆ ಪಾಪ ಅನ್ನಿಸಿತು.

ಆದರೆ ಅವಳ ಮೂಗಿಗೆ ನೆಗಡಿ ಇರಲಿಲ್ಲ. ಬಿಸಿ ಸಾರಿನ ವಾಸನೆ ಬಡಿಯಿತು.

“ಸೆರಗಿನ ಕೆಳಗೆ ಏನದು?”

“ಏನಿಲ್ಲ. ನಾಯಿಗೆ ಒಂದಿಷ್ಟು.”

“ನಿಮ್ಮನೇಲಿ ನಾಯಿ ಇಲ್ಲ.”

“ಬೀದಿ ನಾಯಿ.”

“ಬೀದಿ ನಾಯಿಗೆ ಚಮಚ ಬೇರೆ ಬೇಕೇ ಬೀಗಿತ್ತಿ?”

ಸೆರಗಿನ ಅಂಚಿನಲ್ಲಿ ಚಮಚದ ಹಿಡಿ ಹೊಳೆಯುತ್ತಿತ್ತು. ಬೀಗಿತ್ತಿ ಗಬಕ್ಕನೆ ಸೆರಗು ಎಳೆದುಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ಗಾಬರಿಯಲ್ಲಿ ಅವರು ಹಿಂದಕ್ಕೆ ತಿರುಗಿ ಸೌದೆಯ ಈ ಕಡೆಯ ಮೂಲೆಯನ್ನು ನೋಡಿದರು. ಒಂದೇ ಒಂದು ಸಲ. ಅಷ್ಟು ಸಾಕಾಗಿತ್ತು.

ಅಂದಾಜಕ್ಕನಿಗೆ ಎದೆಯೊಳಗೆ ಏನೋ ಸಡಿಲವಾಗತೊಡಗಿತು. ಹೆಣಕ್ಕೆ ಯಾರೂ ಸಾರು ತರುವುದಿಲ್ಲ. ಅವಳು ಇನ್ಸ್‌ಪೆಕ್ಟರಿಗೆ ಸುಮ್ಮನಿರಲು ಸನ್ನೆ ಮಾಡಿ, ಸೌದೆಯ ಆ ಮೂಲೆಗೆ ಎದುರಾಗಿ ಸೊಂಟಕ್ಕೆ ಕೈಯಿಟ್ಟು ನಿಂತು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಶುರುಮಾಡಿದಳು.

“ಅಲ್ಲ ಬೀಗಿತ್ತಿ, ಇಷ್ಟಕ್ಕಾ ನೀವು ಅಳೋದು? ಬೀಗರು ಒಟ್ಟಿದ್ದಂತೆ, ಮುಟ್ಟಬಾರದಂತೆ! ಇದನ್ನ ಒಟ್ಟೋದು ಅಂತಾರಾ? ತೊಗಟೆ ಮೇಲೆ ಮಾಡಿ ಇಟ್ರೆ ಸೌದೆ ಒಳಗೊಳಗೇ ಬೂಸ್ಟು ಹಿಡಿಯುತ್ತೆ. ಚಿಕ್ಕ ಮಕ್ಕಳಿಗೂ ಗೊತ್ತು. ದೊಡ್ಡವರು, ಹೋದವರು ಅಂತ ಸುಮ್ಮನಿದ್ದೆ. ಹೇಳೇಬಿಡ್ತೀನಿ. ನನ್ನ ತಮ್ಮ ಹೇಳಿದ್ದೇ ಸರಿ. ತೊಗಟೆ ಕೆಳಗೇ ಇರಬೇಕು!”

ಮೂಲೆಯಲ್ಲಿ ಒಂದು ಸೀಳು ಅಲುಗಿತು.

“ಯಾರವರು ತೊಗಟೆ ಕೆಳಗೆ ಅಂದವರು?” ಸೌದೆ ಗುಡುಗಿತು. “ಅಕ್ಕ ತಮ್ಮ ಇಬ್ಬರಿಗೂ ಬುದ್ಧಿ ನೆಟ್ಟಗಿಲ್ಲ!”

ಪೇದೆ ಹೌಹಾರಿ ಬಾಗಿಲಾಚೆಗೆ ಹಾರಿದ. ಇನ್ಸ್‌ಪೆಕ್ಟರಿಗೆ ಬರುತ್ತಿದ್ದ ಸೀನು ಅಲ್ಲೇ ನಿಂತುಹೋಯಿತು. ಬೀಗಿತ್ತಿ ಹಣೆ ಚಚ್ಚಿಕೊಂಡು, “ಇವರ ಬಾಯಿಗೆ ಬೀಗ ಹಾಕೋಕೆ ದೇವರಿಗೂ ಆಗಲ್ಲ,” ಅಂತ ನೆಲಕ್ಕೆ ಕುಸಿದು ಕೂತರು.

ಮೂಲೆಯ ನಾಲ್ಕಾರು ಸೀಳುಗಳು ಒಳಗಿನಿಂದಲೇ ಒಂದೊಂದಾಗಿ ಹಿಂದಕ್ಕೆ ಸರಿದವು. ಕಿಂಡಿಯಲ್ಲಿ ಮೊದಲು ಕನ್ನಡಕ ಕಂಡಿತು, ಆಮೇಲೆ ಮರದ ಹೊಟ್ಟು ಮೆತ್ತಿದ ಗಡ್ಡ, ಆಮೇಲೆ ಕೋಪದಿಂದ ಕೆಂಪಾದ ಮುಖ. ಬೀಗರು ನಾಲ್ಕು ಕಾಲಲ್ಲಿ ತೆವಳಿಕೊಂಡು ಹೊರಗೆ ಬಂದರು. ಬೆನ್ನ ಮೇಲೆ ಕಂಬಳಿ, ಕೈಯಲ್ಲಿ ಖಾಲಿ ಬಟ್ಟಲು.

ಅಂದಾಜಕ್ಕ ಆ ಕೊರಡಿನ ಮೇಲೇ ಧೊಪ್ಪನೆ ಕೂತಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. ಮೊನ್ನೆಯಿಂದ ಎದೆಯ ಮೇಲೆ ಕೂತಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಗಿತ್ತು. ಬದುಕಿದ್ದಾರೆ. ಬೈಯುತ್ತಾ, ಕೆಮ್ಮುತ್ತಾ ಕಣ್ಣೆದುರಿಗೇ ಇದ್ದಾರೆ. ತಮ್ಮ ಕೊಲೆಗಾರನಲ್ಲ. ಜಗತ್ತಿನಲ್ಲಿ ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ವಲ್ರೀ,” ಅಂದರು ಇನ್ಸ್‌ಪೆಕ್ಟರು. ಈಗ ಅವರಿಗೆ ಸೀನು ಬಂತು.

ಕಥೆ ಹೊರಗೆ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಳಿಯ ಬಸ್ಸು ಹತ್ತಿ ಹೋದ ಮೇಲೆ ಬೀಗರಿಗೆ ಮೈಯೆಲ್ಲ ಉರಿ. ಅವನು ತಿರುಗಿ ಬಂದು, ಮಾವ ಇಲ್ಲ ಅಂತ ಗಾಬರಿಬಿದ್ದು, ಗೋಳಾಡಿ, ‘ತೊಗಟೆ ಮೇಲೇ ಸರಿ ಮಾವ’ ಅಂತ ಒಪ್ಪಿಕೊಳ್ಳುವವರೆಗೆ ಮುಖ ತೋರಿಸಬಾರದು ಅಂತ ಹಟ ಹಿಡಿದರು. ಹಟಕ್ಕೆ ತಕ್ಕ ಕೈಚಳಕವೂ ಇತ್ತಲ್ಲ. ಮೂಲೆಯಲ್ಲಿ ಗೋಡೆ ಬದಿಯ ಸಾಲನ್ನು ತೆಗೆದು, ಮುಂದಿನ ಸಾಲನ್ನು ಮಾತ್ರ ಒಟ್ಟಿ, ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಮತ್ತೆ ಸೌದೆ ಪೇರಿಸಿ, ಒಳಗೆ ಗೂಡು ಮಾಡಿಕೊಂಡರು. ಗುಟ್ಟು ಹೆಂಡತಿಗೆ ಮಾತ್ರ.

“ಬೆಳಿಗ್ಗೆ ಮಗಳು ಬಂದು ಕೊಡಲಿ ನೋಡಿ ಕಿರುಚಿಕೊಂಡಳು,” ಅಂದರು ಬೀಗಿತ್ತಿ ಕಣ್ಣೊರೆಸಿಕೊಳ್ಳುತ್ತಾ. “ಅಷ್ಟರಲ್ಲಿ ಇಡೀ ಬೀದಿಯೇ ಬಂತು, ಪೊಲೀಸರೂ ಬಂದ್ರು. ಸುಳ್ಳು ಆಟ ಕಟ್ಟಿದೋರನ್ನ ಒಳಗೆ ಹಾಕ್ತಾರೆ ಅಂತ ಆ ದರ್ಜಿ ಹೇಳಿದ. ಇವರು ಹೊರಗೆ ಬಂದ್ರೆ ಇವರನ್ನ ಹಿಡೀತಾರೆ, ಬರದಿದ್ರೆ ಅಳಿಯನ್ನ. ಒಂದು ಕಡೆ ಗಂಡ, ಒಂದು ಕಡೆ ಮಗಳ ಬಾಳು. ನಾನು ಯಾರನ್ನ ಆರಿಸ್ಲಿ ತಾಯಿ? ನಾಳೆ ಹೇಳೋಣ, ನಾಳೆ ಹೇಳೋಣ ಅಂತಲೇ ಇದ್ದೆ.”

ಅಂದಾಜಕ್ಕನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೆ ಜಾಗವೇ ಉಳಿದಿರಲಿಲ್ಲ, ಅಷ್ಟು ಹಗುರವಾಗಿತ್ತು ಮನಸ್ಸು.

“ಮತ್ತೆ ಆ ರಕ್ತ?” ಇನ್ಸ್‌ಪೆಕ್ಟರು ಕೇಳಿದರು.

ಬೀಗರು ಹೆಬ್ಬೆರಳು ಮುಂದೆ ಮಾಡಿದರು. ಸಿಬಿರು ಚುಚ್ಚಿದ ಗಾಯ, ಮೇಲೆ ಬಟ್ಟೆಯ ಚೂರು ಸುತ್ತಿತ್ತು. “ಸೌದೆ ಮುಟ್ಟಿದ ಮೇಲೆ ಚುಚ್ಚದೆ ಇರುತ್ತಾ? ಕೊಡಲಿ ಮುಟ್ಟಿದ ನೆನಪು ನನಗಿಲ್ಲಪ್ಪ. ಮುಟ್ಟಿದ್ದೆನೋ ಏನೋ.”

“ಮುಟ್ಟಿರ್ತೀರಿ ಬಿಡಿ. ರಕ್ತದ ಲೆಕ್ಕವೂ ಮುಗೀತು.” ಇನ್ಸ್‌ಪೆಕ್ಟರಿಗೂ ಮನೆಗೆ ಹೋಗಿ ಮಲಗುವ ಆತುರ. ಮೊಬೈಲು ತೆಗೆದು ಠಾಣೆಗೆ ಹೇಳಿದರು, “ಆ ಮೇಷ್ಟ್ರನ್ನ ಬಿಟ್ಟು ಜೀಪಲ್ಲಿ ಕಳಿಸಿ. ವ್ಯಾನಿಗೆ ಬೇಡ ಅಂತ ತಿಳಿಸಿ.”

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಅಂದಾಜಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಿಬಿರಿನ ಗಾಯಕ್ಕೆ ಕೊರಡಿನ ಮೇಲೆ ಅಂಗೈಯಗಲ ಕಲೆ ಆಗುತ್ತದೆಯೇ ಅಂತ ಅವಳು ಬೇರೆ ಯಾವತ್ತಾದರೂ ಆಗಿದ್ದರೆ ಕೇಳಿಯೇ ಕೇಳುತ್ತಿದ್ದಳು. ಇವತ್ತು ಕೇಳಲಿಲ್ಲ.

ಜೀಪು ಬಂತು. ತಮ್ಮ ಇಳಿದ. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು. ಅವನ ಹೆಂಡತಿ ಬಾಗಿಲಲ್ಲೇ ಅವನನ್ನು ಹಿಡಿದುಕೊಂಡು ಬಿಕ್ಕಳಿಸಿದಳು. ಅಂದಾಜಕ್ಕನ ಕಡೆ ತಿರುಗಿ, “ಅತ್ತಿಗೆ, ನೀವಿಲ್ಲದಿದ್ರೆ ನಾನು ಏನಾಗ್ತಿದ್ದೆ,” ಅಂದಳು. ತಮ್ಮ ಅಕ್ಕನ ಭುಜದ ಮೇಲೆ ಹಣೆಯಿಟ್ಟು ನಿಂತ. ಚಿಕ್ಕವನಿದ್ದಾಗ ಜ್ವರ ಬಂದರೆ ಹೀಗೇ ನಿಲ್ಲುತ್ತಿದ್ದ. ಅವಳು ಅವನ ತಲೆ ಸವರಿದಳು.

ಮಾವ ಅಳಿಯಂದಿರು ಎದುರುಬದುರಾದರು.

“ತಪ್ಪಾಯ್ತು ಮಾವ,” ಅಂದ ಅಳಿಯ.

“ನಂದೂ ತಪ್ಪಾಯ್ತಪ್ಪ,” ಅಂದರು ಮಾವ. ಅಪ್ಪಿಕೊಂಡರು. ಅಪ್ಪಿಕೊಂಡೇ ಅಳಿಯನ ಬೆನ್ನು ತಟ್ಟುತ್ತಾ, “ಆದ್ರೆ ತೊಗಟೆ ಮೇಲೇ ಇರಬೇಕು,” ಅಂದರು.

ಎಲ್ಲರೂ ನಕ್ಕರು. ಪೇದೆಯೂ ನಕ್ಕ. ಅಳಿಯ ಮಾತ್ರ ತುಟಿಯಂಚಿನಲ್ಲಿ ನಕ್ಕು ಸುಮ್ಮನಾದ. ಸುಸ್ತಾಗಿದ್ದಾನೆ ಪಾಪ, ಅಂದುಕೊಂಡಳು ಅಕ್ಕ.

ಬೀಗಿತ್ತಿ ಎಲ್ಲರಿಗೂ ಟೀ ಮಾಡಿದರು. ಈ ಸಲ ಶೆಡ್ಡಿನ ಸೌದೆಯನ್ನೇ ಧಾರಾಳವಾಗಿ ಒಯ್ದು ಒಲೆಗೆ ಹಾಕಿದರು. ಚಿಮಣಿಯೆಲ್ಲ ಹೊಗೆ. ಇನ್ಸ್‌ಪೆಕ್ಟರು ಒಲೆಯ ಪಕ್ಕ ಕುರ್ಚಿ ಎಳೆದುಕೊಂಡು ಎರಡನೇ ಲೋಟಕ್ಕೆ ಕೈ ಚಾಚಿದರು. ಒಳಗೆ ನಗು, ಲೋಟಗಳ ಸದ್ದು, ಬೀಗರ ಬಡಾಯಿ.

ಅಂದಾಜಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ನೆಮ್ಮದಿಯಾದಾಗ ಅವಳಿಗೆ ಕೈಗೆ ಕೆಲಸ ಬೇಕು. ಶೆಡ್ಡಿಗೆ ಬಂದು ಬೀಗರ ಗೂಡನ್ನು ಬಿಚ್ಚಿದಳು. ಬೀಗರೂ ಹಿಂದೆಯೇ ಬಂದು ಕೈ ಹಾಕಿದರು. ಇಬ್ಬರೂ ಸೇರಿ ಖಾಲಿ ಜಾಗವನ್ನು ತುಂಬಿ, ಸೌದೆಯನ್ನು ಗೋಡೆಗೆ ಒತ್ತಿ ಮತ್ತೆ ಬಿಗಿಯಾಗಿ ಒಟ್ಟಿದರು. ಬೀಗರ ಮನಸ್ಸು ನೋಯಿಸುವುದು ಯಾಕೆ ಅಂತ ಅವಳು ತೊಗಟೆ ಮೇಲೇ ಇಟ್ಟಳು.

ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು. ಸೊಗಸಾಗಿತ್ತು. ಮತ್ತೊಮ್ಮೆ ನೋಡಿದಳು.

ಮೂರರಲ್ಲಿ ಒಂದು ಪಾಲು ಕರಗಬೇಕು. ಕರಗಿದ್ದು ಈ ಮೂಲೆಯ ಒಂದಿಷ್ಟು ಮಾತ್ರ.

“ಬೀಗರೇ, ನಿಮ್ಮ ಗೂಡಲ್ಲಿ ಕಾಲು ಚಾಚೋಕೆ ಜಾಗ ಇತ್ತಾ?”

“ಎಲ್ಲಿ ಬಂತು? ಮಂಡಿ ಗದ್ದಕ್ಕೆ ತಾಗ್ತಿತ್ತು. ಹಿಡಿಯಷ್ಟು ಜಾಗ.”

“ಇನ್ನೊಂದು ಗೂಡೇನಾದ್ರೂ ಮಾಡಿದ್ರಾ?”

“ಇನ್ನೊಂದು ಯಾರಿಗೆ? ಅವಳು ಬರ್ತೀನಿ ಅಂದಿರಲಿಲ್ಲ.” ಬೀಗರು ತಮ್ಮ ಮಾತಿಗೆ ತಾವೇ ನಕ್ಕರು.

ಅಂದಾಜಕ್ಕ ನಗಲಿಲ್ಲ. ಅವಳ ಕಣ್ಣು ಆ ತುದಿಯ ನೀಲಿ ಟಾರ್ಪಾಲಿನ ಮೇಲಿತ್ತು.

“ಅಲ್ಲಿ ಒಟ್ಟಿದ್ದು ಯಾರು?”

“ಅಲ್ಲಿ ನಾನು ಒಟ್ಟೇ ಇಲ್ಲವಲ್ಲ. ಅಷ್ಟು ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಅಳಿಯನ ಪಾಲಿಗೆ ಇರಲಿ ಅಂತ ಆ ಕಡೆ ಒಂದು ಗುಡ್ಡೆ ಸುರಿದ ಹಾಗೇ ಬಿಟ್ಟಿದ್ದೆ.” ಬೀಗರು ಟಾರ್ಪಾಲಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು. “ಯಾರೋ ಒಟ್ಟಿಬಿಟ್ಟಿದ್ದಾರೆ. ಆ ರಾತ್ರಿ ನಿದ್ದೆಯಿಂದ ಎಚ್ಚರ ಆದಾಗ ಆ ಕಡೆಯಿಂದ ಟಕ್ ಟಕ್ ಅಂತ ಸದ್ದು ಬರ್ತಿತ್ತು. ಇವಳು ಒಲೆಗೆ ಸೌದೆ ತೆಗೀತಿದ್ದಾಳೆ ಅಂದ್ಕೊಂಡೆ.”

ಬೀಗಿತ್ತಿ ಒಂದು ಕಡ್ಡಿಯನ್ನೂ ಮುಟ್ಟಿರಲಿಲ್ಲ. ಅಂಗಡಿ ಸೌದೆ ತರುತ್ತಿದ್ದರು.

ಒಳಗಿನಿಂದ ಬೀಗಿತ್ತಿ ಟೀ ಆರುತ್ತದೆ ಅಂತ ಕರೆದರು. ಬೀಗರು ಕೈ ಝಾಡಿಸಿಕೊಂಡು ಹೋದರು. ಅಂದಾಜಕ್ಕ ಒಬ್ಬಳೇ ಟಾರ್ಪಾಲಿನ ಹತ್ತಿರ ನಡೆದಳು. ಅಂಚು ಹಿಡಿದು ಎದೆಯವರೆಗೆ ಎತ್ತಿದಳು.

ಸೀಳುಗಳು ಸಾಲು ಸಾಲಾಗಿ, ನೆಟ್ಟಗೆ, ಅಚ್ಚುಕಟ್ಟಾಗಿ ಕೂತಿದ್ದವು. ನೆಲದಿಂದ ಮೇಲಿನವರೆಗೆ ಒಂದೊಂದರದ್ದೂ ತೊಗಟೆ ಕೆಳಗೆ.

ಅವಳು ಸೌದೆಯ ಮೇಲೆ ಬೆರಳ ಗಂಟಿನಿಂದ ಬಡಿದಳು. ಈ ಕಡೆ ಬಡಿದಾಗ ಬರುವ ಸದ್ದಲ್ಲ ಅದು. ಒಳಗೆ ಜಾಗವಿತ್ತು. ಒಬ್ಬ ಮನುಷ್ಯ ಕಾಲು ಚಾಚುವಷ್ಟು ಜಾಗ.

ಕೊರಡಿನ ಮೇಲಿನ ಅಂಗೈಯಗಲ ಕಲೆ ನೆನಪಾಯಿತು. ಕೈಗೆ ಸಿಗದ ಕೂಲಿಯವನು ನೆನಪಾದ. ನಿದ್ದೆಗಣ್ಣಲ್ಲೂ ತೊಗಟೆ ಕೆಳಗೇ ಇಡ್ತಾನೆ ಅಂತ ತಾನೇ, ತನ್ನ ಬಾಯಿಂದಲೇ, ಇನ್ಸ್‌ಪೆಕ್ಟರಿಗೆ ಬಾಯಿಪಾಠ ಮಾಡಿಸಿದ್ದು ನೆನಪಾಯಿತು.

“ಅಕ್ಕಾ.”

ತಮ್ಮ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಟೀ ಲೋಟ ಹಾಗೇ ಇತ್ತು, ಒಂದು ಗುಟುಕೂ ಕುಡಿದಿರಲಿಲ್ಲ. ಅವನು ಅಕ್ಕನ ಮುಖ ನೋಡಲಿಲ್ಲ, ಅವಳ ಕೈಯಲ್ಲಿದ್ದ ಟಾರ್ಪಾಲಿನ ಅಂಚನ್ನೇ ನೋಡುತ್ತಿದ್ದ.

“ಅಕ್ಕಾ, ನಿನ್ನ ದಮ್ಮಯ್ಯ,” ಅಂದ ತೀರಾ ಮೆಲ್ಲಗೆ. “ಆ ಕಡೆಯದನ್ನ ಬಿಚ್ಚಬೇಡ.”

ಅಷ್ಟರಲ್ಲೇ ಅಂಗಳದಲ್ಲಿ ಬೂಟಿನ ಸದ್ದಾಯಿತು. ಇನ್ಸ್‌ಪೆಕ್ಟರು ಮೂಗು ಒರೆಸಿಕೊಳ್ಳುತ್ತಾ, ನಗುತ್ತಾ, ತಮ್ಮನ ಹೆಗಲ ಮೇಲೆ ಸಲಿಗೆಯಿಂದ ಕೈಯಿಟ್ಟು ಒಳಗೆ ಇಣುಕಿದರು.

“ಏನಕ್ಕಾ, ಇನ್ನೂ ಇಲ್ಲೇ ಇದ್ದೀರಾ? ಈಗಲಾದ್ರೂ ಲೆಕ್ಕ ಸರಿಯಾಯ್ತಾ?”